ಪಾಂಪೆಯ ಬೀದಿಯಲ್ಲಿ ಅಂಗಡಿ, ಗುಡಿ ಗುರುತಿಸುವುದು ಹೇಗೆ? ಹೊಸ್ತಿಲಿನಿಂದ ಶುರುಮಾಡಿ

ಕ್ರಿ.ಶ. 79ರಲ್ಲಿ ಇಟಲಿಯ ವೆಸುವಿಯಸ್ ಜ್ವಾಲಾಮುಖಿ ಉಗುಳಿದ ಬೂದಿಯಡಿ ಹೂತುಹೋದ ರೋಮನ್ ಊರು ಪಾಂಪೆಗೆ ಹೋದವರು ಸಾಮಾನ್ಯವಾಗಿ ಸಿರಿವಂತರ ಮನೆಗಳ ಚಿತ್ರ ನೋಡಿ, ಆಂಫಿಥಿಯೇಟರಿಗೊಂದು ಸುತ್ತು ಹಾಕಿ ಮರಳುತ್ತಾರೆ. ಬೀದಿಯ ಇಕ್ಕೆಲದ ಮೋಟುಗೋಡೆಗಳು ಅವರಿಗೆ ಒಂದೇ ಥರ ಕಾಣುತ್ತವೆ. ಊರಿನ ನೂರಾರು ಅಂಗಡಿಗಳಿರುವುದು ಅಲ್ಲೇ. ಗುರುತು ಹಿಡಿಯಲು ನಕ್ಷೆ, ಸಣ್ಣ ಟಾರ್ಚು ಮತ್ತು ಬೆಳಗಿನ ಓರೆ ಬಿಸಿಲು ಸಾಕು. ಸೂರ್ಯ ನೆತ್ತಿಗೇರಿದರೆ ಕಲ್ಲಿನ ತೋಡುಗಳಲ್ಲಿ ನೆರಳು ಬೀಳುವುದಿಲ್ಲ, ಅರ್ಧ ಸಾಕ್ಷ್ಯ ಕಾಣುವುದೂ ಇಲ್ಲ.

ಮೊದಲು ವಿಳಾಸ

19ನೇ ಶತಮಾನದಲ್ಲಿ ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಊರನ್ನು ವಲಯ, ಬ್ಲಾಕು, ಬಾಗಿಲು ಎಂದು ವಿಂಗಡಿಸಿ ಸಂಖ್ಯೆ ಕೊಟ್ಟರು. ವಲಯಗಳು ಒಂಬತ್ತು. 1.8.8 ಎಂದರೆ ಒಂದನೇ ವಲಯ, ಎಂಟನೇ ಬ್ಲಾಕು, ಎಂಟನೇ ಬಾಗಿಲು. ಎಣಿಸಿರುವುದು ಬಾಗಿಲನ್ನು, ಕಟ್ಟಡವನ್ನಲ್ಲ. ಹಾಗಾಗಿ ಒಂದೇ ಮನೆಗೆ ಎರಡು ಮೂರು ಸಂಖ್ಯೆ ಇರಬಹುದು. ಮನೆಯ ಹೆಬ್ಬಾಗಿಲಿನ ಎರಡೂ ಪಕ್ಕ ಅಂಗಡಿಗಳಿದ್ದರೆ ಮೂರಕ್ಕೂ ಬೇರೆ ಬೇರೆ ಸಂಖ್ಯೆ. ಟಿಪ್ಪಣಿ ಬರೆದುಕೊಳ್ಳುವಾಗ ಮನೆಯ ಹೆಸರಿನ ಬದಲು ಸಂಖ್ಯೆಯನ್ನೇ ಬರೆಯಿರಿ. ಹೆಸರುಗಳ ಗೊಂದಲ ಏನೆಂಬುದು ಮುಂದೆ ಬರುತ್ತದೆ.

ಹೊಸ್ತಿಲೇ ಮುಖ್ಯ ಸಾಕ್ಷಿ

ಅಗಲ ಬಾಗಿಲು ಕಂಡ ಕೂಡಲೇ ಅಂಗಡಿ ಎನ್ನಬೇಡಿ. ದೊಡ್ಡ ಮನೆಗಳ ಬಾಗಿಲೂ ಅಗಲವೇ. ಬಗ್ಗಿ ಹೊಸ್ತಿಲ ಕಲ್ಲು ನೋಡಿ. ಅಂಗಡಿಯದ್ದಾದರೆ ಕಲ್ಲಿನ ಬಹುಭಾಗಕ್ಕೆ ಉದ್ದನೆಯ ತೋಡು ಕೊರೆದಿರುತ್ತದೆ. ಹಲಗೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಸರಿಸುತ್ತ ಅಂಗಡಿ ಮುಚ್ಚುತ್ತಿದ್ದುದು ಆ ತೋಡಿನಲ್ಲೇ. ನಮ್ಮ ಹಳೆಯ ಪೇಟೆಗಳಲ್ಲಿ ಹಲಗೆ ಜೋಡಿಸಿ ಬಾಗಿಲು ಹಾಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಡು ಒಂದು ತುದಿಯಲ್ಲಿ ನಿಂತು, ಅಲ್ಲಿ ಚಪ್ಪಟೆ ಜಾಗ, ಅದರಲ್ಲೊಂದು ದುಂಡನೆಯ ಗುಳಿ ಕಾಣುತ್ತದೆ. ಹಲಗೆ ಹಾಕಿದ ಮೇಲೆ ಒಳಗಿದ್ದವರು ಓಡಾಡಲು ಇಟ್ಟ ಒಂಟಿ ಕದದ ತಿರುಗುಗುಳಿ ಅದು. ಮನೆಯ ಹೊಸ್ತಿಲಿನಲ್ಲಾದರೆ ತೋಡಿಲ್ಲ. ಎರಡು ತುದಿಗೆ ಎರಡು ಗುಳಿ, ನಡುವೆ ಅಗುಳಿ ಇಳಿಯುವ ಕಿಂಡಿ.

ಎಡವುವುದು ಎಲ್ಲೆಂದರೆ, ಹೊಸ್ತಿಲ ಕಲ್ಲನ್ನು ಆಗಲೇ ಕಿತ್ತು ಬೇರೆಡೆ ಬಳಸಿರುವುದೂ ಉಂಟು. ತೋಡು ಬಾಗಿಲಿನ ಅಳತೆಗೆ ಕೂಡದೆ ಗೋಡೆಯೊಳಗೆ ಮುಂದುವರಿದಿದ್ದರೆ, ಬಾಗಿಲನ್ನು ಆಮೇಲೆ ಕಿರಿದು ಮಾಡಿದ್ದಾರೆ ಅಥವಾ ಕಲ್ಲು ಬೇರೆಡೆಯಿಂದ ಬಂದಿದೆ.

ಕಟ್ಟೆಯಲ್ಲಿ ಹುಗಿದ ಗುಡಾಣ

ಬಾಗಿಲಿಗೆ ಹೊಂದಿಕೊಂಡ ಗಾರೆಯ ಕಟ್ಟೆ, ಅದರೊಳಗೆ ಕತ್ತಿನವರೆಗೆ ಹುಗಿದ ಮಣ್ಣಿನ ಗುಡಾಣಗಳು, ಮೇಲೆ ಬಣ್ಣಬಣ್ಣದ ಅಮೃತಶಿಲೆಯ ಚೂರು. ಚೂರುಗಳೆಲ್ಲ ಬೇರೆಡೆಯಿಂದ ಆಯ್ದವು, ಎರಡು ಒಂದೇ ಅಳತೆಯಲ್ಲಿ ಸಿಗುವುದು ಅಪರೂಪ. ಕಟ್ಟೆಯ ಗೋಡೆ ಬದಿಗೆ ಮೆಟ್ಟಿಲಿನಂಥ ಪುಟ್ಟ ಗೂಡುಗಳಿದ್ದರೆ ಅವು ಲೋಟ, ಪಾತ್ರೆ ಜೋಡಿಸಲು. ಇನ್ನೊಂದು ತುದಿ ಕಪ್ಪಾಗಿ, ಒಳಗೆ ಟೊಳ್ಳಿದ್ದರೆ ಒಲೆ.

ಗೈಡುಗಳು ಗುಡಾಣ ತೋರಿಸಿ ‘ಬಿಸಿ ಸೂಪು ಇಲ್ಲಿತ್ತು’ ಎನ್ನುತ್ತಾರೆ. ಅಷ್ಟು ಸಲೀಸಾಗಿ ಒಪ್ಪಬೇಡಿ. ಮೆರುಗಿಲ್ಲದ ಮಣ್ಣಿನ ಪಾತ್ರೆ ದ್ರವವನ್ನು ಹೀರುತ್ತದೆ, ಕಟ್ಟೆಯಲ್ಲಿ ಹುಗಿದದ್ದನ್ನು ಎತ್ತಿ ತೊಳೆಯಲಾಗದು. ಪಕ್ಕದ ಹರ್ಕ್ಯುಲೇನಿಯಂನಲ್ಲಿ ಇಂಥ ಪಾತ್ರೆಗಳಲ್ಲಿ ಸಿಕ್ಕಿದ್ದು ಕರಕಲಾದ ಕಾಳುಕಡಿ. ಹಾಗೆಂದು ಎಲ್ಲವೂ ಒಣ ಸಾಮಾನಿನವು ಎಂದರೂ ತಪ್ಪೇ. ಐದನೇ ವಲಯದಲ್ಲಿ 2020ರಲ್ಲಿ ಪೂರ್ತಿ ಬಯಲಾದ ಅಂಗಡಿಯ ಪಾತ್ರೆಗಳಲ್ಲಿ ಬಾತು, ಹಂದಿ, ಆಡು, ಮೀನು, ಬಸವನಹುಳು ಎಲ್ಲದರ ಅವಶೇಷ ಸಿಕ್ಕಿತು. ವೈನಿನ ಗುಡಾಣವೊಂದರ ತಳದಲ್ಲಿ ಪುಡಿ ಮಾಡಿದ ಅವರೆ ಜಾತಿಯ ಕಾಳೂ ಇತ್ತು, ವೈನಿನ ಬಣ್ಣ ತಿಳಿಯಾಗಿಸಲೆಂದು ಹಾಕಿದ್ದು. ಇನ್ನು 1.8.8ರ ಗುಡಾಣವೊಂದರಿಂದ ಹೊರಬಂದದ್ದು ಸಾವಿರಕ್ಕೂ ಹೆಚ್ಚು ನಾಣ್ಯ. ಗಲ್ಲಾಪೆಟ್ಟಿಗೆಯೇ ಅದಾಗಿತ್ತೋ ಏನೋ!

ಅದೇ ಬ್ಲಾಕಿನ 5ನೇ ಬಾಗಿಲ ಮನೆಯಲ್ಲೇ 1938ರಲ್ಲಿ ಭಾರತದ ದಂತದ ಸ್ತ್ರೀಮೂರ್ತಿ ಸಿಕ್ಕಿದ್ದು. ‘ಪಾಂಪೆಯ ಲಕ್ಷ್ಮಿ’ ಎಂದು ಹೆಸರಾದ, ಗೇಣುದ್ದದ ಆ ಮೂರ್ತಿ ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ.

ಒಳಗೆ ಹೋದರೆ

ಡಮರು ಆಕಾರದ ಕರಿಯ ಲಾವಾಕಲ್ಲು ಕಂಡರೆ ಅದು ಬ್ರೆಡ್ಡಿನ ಅಂಗಡಿ. ಕೆಳಗಿನ ಶಂಕುವಿನ ಮೇಲೆ ಡಮರು ಕೂರುತ್ತದೆ. ಮೇಲಿನಿಂದ ಗೋಧಿ ಸುರಿದು, ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಕತ್ತೆ ಸುತ್ತುವ ಜಾಗಕ್ಕೆ ಬೀದಿಗೆ ಹಾಸುವಂಥದೇ ಗಟ್ಟಿ ಕಲ್ಲು. ಬೀಸುಕಲ್ಲು ಕಾಣೆಯಾಗಿದ್ದರೂ ಆ ಹಾಸು ಸುಳಿವು ಕೊಡುತ್ತದೆ. 7.1.36ರ ಒಲೆಯಲ್ಲಿ 1862ರಲ್ಲಿ 81 ಕರಕಲು ಬ್ರೆಡ್ಡು ಸಿಕ್ಕವು. ಸಾಲು ತೊಟ್ಟಿ, ತುಳಿಯಲು ಪುಟ್ಟ ಕಟ್ಟೆಗಳ ನಡುವೆ ಬೋಗುಣಿ ಇದ್ದರೆ ಅಗಸರ ಅಂಗಡಿ, 1.6.7ರಂತೆ.

ಗೋಡೆಯಲ್ಲಿ ಒಂದೇ ಮಟ್ಟಕ್ಕೆ ಸಾಲಾಗಿ ತೊಲೆಯ ತೂತು, ಮೂಲೆಯಲ್ಲಿ ಎರಡು ಮೂರು ಕಲ್ಲಿನ ಮೆಟ್ಟಿಲು ಮಾತ್ರ ಉಳಿದಿದ್ದರೆ ಮೇಲೆ ಅಟ್ಟವಿತ್ತು. ಉಳಿದ ಮೆಟ್ಟಿಲು ಮರದ್ದು, ಹೋಗಿದೆ. ಅಂಗಡಿಯವರು ಮಲಗುತ್ತಿದ್ದುದು ಅಲ್ಲೇ.

ಹೆಸರು ನಂಬುವ ಮೊದಲು

ಗೋಡೆಗಳ ಮೇಲಿನ ಕೆಂಪು ಬರಹದಲ್ಲಿ ಬಹಳಷ್ಟು ಚುನಾವಣಾ ಪ್ರಚಾರ: ‘ಇಂಥವರನ್ನು ಆರಿಸಿ ಎಂದು ಇಂಥವರು ಕೋರುತ್ತಾರೆ’. ಕೋರಿದವರೇ ಆ ಬಾಗಿಲಿನ ಮಾಲೀಕರೆಂದು ತಿಳಿದು ಹಿಂದಿನವರು ಎಷ್ಟೋ ಕಟ್ಟಡಗಳಿಗೆ ಹೆಸರಿಟ್ಟುಬಿಟ್ಟರು. ನಮ್ಮ ಕಾಂಪೌಂಡಿಗೆ ಯಾರೋ ಪೋಸ್ಟರ್ ಅಂಟಿಸಿದರೆ ಮನೆ ಅವರದಾಗುತ್ತದೆಯೇ? ಬೀದಿಯ ಹೆಸರಿನದೂ ಅದೇ ಕಥೆ. ಕಾರಂಜಿಯ ಮೇಲೆ ಕೆತ್ತಿದ ಕಾನ್‌ಕಾರ್ಡಿಯಾ ದೇವಿಯ ಕೈಯ ಸಮೃದ್ಧಿಯ ಕೊಂಬು ನೋಡಿ, ಆಕೆ ‘ಸಮೃದ್ಧಿ’ ದೇವಿಯೇ ಎಂದು ಭಾವಿಸಿ ಇಟ್ಟದ್ದು ‘ವಿಯಾ ದೆಲ್ ಅಬ್ಬೊಂದಾನ್ಸಾ’, ಅಂದರೆ ಸಮೃದ್ಧಿಯ ಬೀದಿ.

ಮೂಲೆಯ ಬೀದಿಗುಡಿ

ಗುಡಿ ಎಂದರೆ ಗರ್ಭಗುಡಿ, ಗೋಪುರ ಹುಡುಕಬೇಡಿ. ಕೂಡುದಾರಿಯ ಗೋಡೆಗೆ ಒರಗಿದ ಗಾರೆಯ ಬಲಿಪೀಠ, ಮೇಲೆ ಗೋಡೆಚಿತ್ರ, ಅದರ ಮೇಲೆ ಹೆಂಚಿನ ಸಣ್ಣ ಚಾಚು, ಇಷ್ಟೇ. ಚಿತ್ರ ಬಹುಪಾಲು ಅಳಿಸಿರುತ್ತದೆ, ಚಾಚಿನ ತೊಲೆ ತೂತು ಅಥವಾ ಹೆಂಚಿನ ಚೂರು ಗೋಡೆಯಲ್ಲಿ ಉಳಿದಿರುತ್ತದೆ. ಪೀಠದ ಒಡೆದ ಅಂಚಿನಲ್ಲಿ ಗಾರೆಯ ಪದರಗಳನ್ನು ಎಣಿಸಿ. ಒಂದರ ಮೇಲೊಂದಿದ್ದರೆ ಮತ್ತೆ ಮತ್ತೆ ಬಳಿದು ಹೊಸದು ಮಾಡಿದ್ದಾರೆಂದು ಅರ್ಥ.

ಇವು ಲಾರೆಸ್ ಎಂಬ ಕಾವಲುದೇವತೆಗಳ ನೆಲೆ. ಗಿಡ್ಡ ಅಂಗಿ ತೊಟ್ಟು ಕುಣಿಯುವ ಇಬ್ಬರು ತರುಣರು, ಕೈಯಲ್ಲಿ ಕುಡಿಕೊಂಬು ಮತ್ತು ಪುಟ್ಟ ಬಕೆಟ್ಟು. ಕೆಳಗೆ ಬಲಿಪೀಠದತ್ತ ಹರಿದುಬರುವ ಹಾವು, ಪೀಠದ ಮೇಲೆ ಮೊಟ್ಟೆ. ಚಳಿಗಾಲದ ಕಾಂಪಿಟಾಲಿಯಾ ಹಬ್ಬದಲ್ಲಿ ಸ್ವತಂತ್ರರ ತಲೆಗೊಂದು ಉಣ್ಣೆಯ ಗೊಂಬೆ, ಗುಲಾಮರ ತಲೆಗೊಂದು ಉಣ್ಣೆಯ ಚೆಂಡು ಕಟ್ಟುತ್ತಿದ್ದರು. ರೋಮ್ ನಗರದಲ್ಲಿ ಕ್ರಿ.ಪೂ. 7ರಲ್ಲಿ ಚಕ್ರವರ್ತಿ ಅಗಸ್ಟಸ್ ಈ ಕೇರಿಪೂಜೆಯನ್ನು ಹೊಸದಾಗಿ ವ್ಯವಸ್ಥೆಗೊಳಿಸಿ ತನ್ನ ‘ಜೀನಿಯಸ್’ಅನ್ನೂ (ವ್ಯಕ್ತಿಯ ಜೊತೆಗಿರುವ ಕಾವಲುಶಕ್ತಿ) ಲಾರೆಸ್ ನಡುವೆ ನಿಲ್ಲಿಸಿದ.

ಗೊಂದಲ ಹುಟ್ಟಿಸುವವು ಎರಡು. ಅಂಗಡಿಯ ಒಳಗೋಡೆಯಲ್ಲೂ ಇವೇ ದೇವರ ಚಿತ್ರವಿರುತ್ತದೆ. 1.8.8ರಲ್ಲಿ ವ್ಯಾಪಾರದ ಮರ್ಕ್ಯುರಿ, ಮದ್ಯದ ಬ್ಯಾಕಸ್ ಕೂಡ ಇದ್ದಾರೆ. ಅದು ಮನೆದೇವರು, ಕೇರಿಯದಲ್ಲ. ಇನ್ನೊಂದು, ಕೂಡುದಾರಿಯ ಎತ್ತರದ ಕಂಬ. ಪಕ್ಕದಲ್ಲಿ ಉದ್ದುದ್ದ ಸೀಳಿದ್ದು, ಸುಣ್ಣದ ಬಿಳಿ ಹೊಪ್ಪಳಿಕೆ ಕಟ್ಟಿದ್ದರೆ ಅದು ನೀರಿನ ಒತ್ತಡ ತಗ್ಗಿಸುವ ಗೋಪುರ. ಸೀಳು ಸೀಸದ ಕೊಳವೆಗೆ. ಬಲಿಪೀಠ, ಗೋಪುರ, ಕಾರಂಜಿ ಹಲವೆಡೆ ಒತ್ತೊತ್ತಾಗಿಯೇ ಇರುವುದರಿಂದ ಮೂರನ್ನೂ ಬಿಡಿಬಿಡಿಯಾಗಿ ಗುರುತಿಸಿಕೊಳ್ಳಿ.

ಕೊನೆಯದಾಗಿ ದುರಸ್ತಿ. 1943ರಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳು ಪಾಂಪೆಯ ಮೇಲೂ ಬಿದ್ದವು, ಆಮೇಲೆ ಎಷ್ಟೋ ಗೋಡೆ ಮತ್ತೆ ಕಟ್ಟಿದ್ದು. ಬಾಗಿಲ ಮೇಲಿನ ಕಾಂಕ್ರೀಟು ತೊಲೆ, ಕಟ್ಟೆಯ ಬೂದು ಸಿಮೆಂಟು ನಮ್ಮ ಕಾಲದವು. ಅಭ್ಯಾಸಕ್ಕೆ 9.11.1 ಮತ್ತು 2 ಒಳ್ಳೆಯ ಜಾಗ: ಮೂಲೆಯಲ್ಲಿ ಹನ್ನೆರಡು ದೇವರ ಚಿತ್ರವಿದ್ದ ಬಲಿಪೀಠ, ಅದಕ್ಕಂಟಿಕೊಂಡೇ ಗುಡಾಣದ ಕಟ್ಟೆಯ ಹೆಂಡದಂಗಡಿ. ಹೊಸ್ತಿಲಿನಿಂದ ಶುರುಮಾಡಿ, ಮೂಲೆಗೆ ಬನ್ನಿ. ಕಲ್ಲಿಗೂ ಗಾರೆಗೂ ಕೈ ತಾಗಿಸಬೇಡಿ.