ಗಾಜಿನ ಮೇಲೆ ನಿಲ್ಲದ ಪಾಲಿಅನಿಲೀನ್ ಪದರ: ನನ್ನ ಅನುಭವ

ಕಾಸರಗೋಡಿನ ನಮ್ಮ ಕಾಲೇಜು ಲ್ಯಾಬಿನಲ್ಲಿ ಐಟಿಒ ಗಾಜಿನ (ಒಂದು ಬದಿಗೆ ವಿದ್ಯುತ್ ಹರಿಯುವ ಪಾರದರ್ಶಕ ಲೇಪವಿರುವ ಗಾಜು) ಮೇಲೆ ಪಾಲಿಅನಿಲೀನ್ ಎಂಬ ವಿದ್ಯುತ್ ಹರಿಯುವ ಪಾಲಿಮರ್ ಬೆಳೆಸುವಾಗ ಅದರ ಹಸಿರು ಪದರ ಅಲ್ಲಲ್ಲಿ ಮಾತ್ರ ಹಿಡಿಯುತ್ತಿತ್ತು, ತೊಳೆದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಮಳೆಗಾಲದ ಆಟಿ ತಿಂಗಳ ತೇವವೇ ಕಾರಣ ಎಂದರು ಕೆಲವರು. ದ್ರಾವಣವೇ ನೀರಿನದ್ದಾದ ಮೇಲೆ ಗಾಳಿಯ ತೇವ ಏನು ಮಾಡೀತು?

ಸುಳಿವು ಸಿಕ್ಕಿದ್ದು ಪಾಲಿಮರಿನ ಕಚ್ಚಾವಸ್ತುವಾದ ಅನಿಲೀನ್ ದ್ರವದ ಬಾಟಲಿಯಲ್ಲಿ. ಶುದ್ಧ ಅನಿಲೀನ್‌ಗೆ ಬಣ್ಣವೇ ಇಲ್ಲ. ಇದು ಕಣ್ಣ ಚಾಯದಷ್ಟು (ಹಾಲು ಹಾಕದ ಚಹಾ) ಕಂದಾಗಿತ್ತು. ಗಾಳಿ, ಬೆಳಕು ತಾಗಿ ಉತ್ಕರ್ಷಣಗೊಂಡಿತ್ತು. ಚೂರು ಸತುವಿನ ಪುಡಿ ಹಾಕಿ, ಒತ್ತಡ ತಗ್ಗಿಸಿ ಬಟ್ಟಿ ಇಳಿಸಿದೆವು. ಅನಿಲೀನ್ ವಿಷ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಗ್ಲೌಸ್, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಬೇಕೇ ಬೇಕು.

ಗಾಜನ್ನು ಸೋಪುನೀರು, ಅಸಿಟೋನ್, ಐಸೊಪ್ರೊಪನಾಲ್‌ಗಳಲ್ಲಿ ಸಾನಿಕೇಟರಿನಲ್ಲಿಟ್ಟು (ಶಬ್ದತರಂಗಗಳಿಂದ ಕೊಳೆ ಬಿಡಿಸುವ ಯಂತ್ರ) ತೊಳೆದೆವು. ನೀರು ಹನಿಗಟ್ಟದೆ ಸಮನಾಗಿ ಹರಡಿದರೆ ಜಿಡ್ಡು ಹೋಗಿದೆ ಎಂದರ್ಥ. ವಿದ್ಯುತ್ ಹರಿಯುವ ಬದಿ ಯಾವುದೆಂದು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ.

ನಿಜವಾದ ಗುಟ್ಟು ವೋಲ್ಟೇಜಿನಲ್ಲಿ. 1 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ 0.1 ಮೋಲಾರ್ ಅನಿಲೀನ್. ವೋಲ್ಟೇಜ್ ಅಳೆಯಲು ಆಧಾರವಾಗಿಡುವ ಸಿಲ್ವರ್–ಸಿಲ್ವರ್ ಕ್ಲೋರೈಡ್ ರೆಫರೆನ್ಸಿಗೆ ಎದುರಾಗಿ ಗಾಜಿನ ವೋಲ್ಟೇಜನ್ನು −0.2ರಿಂದ 0.9 ವೋಲ್ಟಿಗೆ ಏರಿಸಿ ಮತ್ತೆ ಇಳಿಸಿದರೆ ಒಂದು ಸುತ್ತು; ವೇಗ ಸೆಕೆಂಡಿಗೆ 50 ಮಿಲಿವೋಲ್ಟ್. ಪಾಲಿಮರ್ ಹುಟ್ಟಲು ಮೊದಲ ಕೆಲವು ಸುತ್ತುಗಳಿಗೆ 0.9 ಬೇಕು. ಆಮೇಲೂ ಅಷ್ಟೇ ಮೇಲೇರಿದರೆ ಬೆಳೆದ ಪದರವೇ ಕೆಡುತ್ತದೆ, ವೋಲ್ಟೇಜಿಗೆ ಕರೆಂಟು ಎಷ್ಟೆಂದು ತೋರಿಸುವ ಗ್ರಾಫಿನಲ್ಲಿ 0.5ರ ಆಸುಪಾಸು ನಡುವಿನ ಶಿಖರ ಉಬ್ಬುತ್ತದೆ. ಮೇಲಿನ ಮಿತಿಯನ್ನು 0.8ಕ್ಕೆ ಇಳಿಸಿದ ಮೇಲೆ ಪದರ ಸಮನಾಗಿ ಬೆಳೆಯಿತು. ಪ್ರತಿ ಸುತ್ತಿನಲ್ಲೂ ವೋಲ್ಟೇಜ್ ಏರಿದಂತೆ ಗಾಜು ತಿಳಿಹಳದಿಯಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ತಿರುಗುವುದನ್ನು ನೋಡುವುದೇ ಒಂದು ಖುಷಿ.

ಬೆಳೆದ ಪದರವನ್ನು ತೊಳೆಯಲು ಬರೀ ನೀರಲ್ಲ, ತೆಳು ಆಸಿಡ್ ಬಳಸಿ. ಉಳಿದ ಅನಿಲೀನನ್ನು ಕಂದು ಬಾಟಲಿಯಲ್ಲಿ, ನೈಟ್ರೋಜನ್ ತುಂಬಿ, ಫ್ರಿಜ್ಜಿನಲ್ಲಿಡಿ.