ದುಡ್ಡು ಕಂಪನಿಯದು, ಓದು ಜನರದು: ಪ್ರಾಯೋಜಿತ ಲೇಖನ ಬರೆಯುವ ಬಗೆ

ಗಾಣದ ಕಡಲೆಕಾಯಿ ಎಣ್ಣೆ ಮಾರುವ ಕಂಪನಿಯೊಂದು ದುಡ್ಡು ಕೊಟ್ಟು ಲೇಖನ ಬರೆಸುತ್ತಿದೆ ಎಂದುಕೊಳ್ಳಿ. ಕಂಪನಿಗೆ ಬೇಕಿರುವುದು ಮಾರಾಟ. ಓದುಗರಿಗೆ ಬೇಕಿರುವುದು ಲೀಟರಿಗೆ ಇಷ್ಟೊಂದು ಬೆಲೆ ಏಕೆ ಎಂಬುದಕ್ಕೆ ಉತ್ತರ. ಆ ಉತ್ತರ ಸರಿಯಾಗಿ ಸಿಕ್ಕರೆ ಮಾರಾಟಕ್ಕೂ ದಾರಿಯಾಗುತ್ತದೆ.

ಮೊದಲ ಕೆಲಸ ಒಪ್ಪಂದ. ಲೇಖನದಿಂದ ಆಗಬೇಕಾದ ಒಂದೇ ಒಂದು ಕೆಲಸ ಯಾವುದೆಂದು ಕಂಪನಿಯಿಂದ ಕೇಳಿ, ಬರೆದಿಟ್ಟುಕೊಳ್ಳಿ. 600 ಪದಗಳ ಲೇಖನದಲ್ಲಿ ಬ್ರ್ಯಾಂಡ್ ಹೆಸರು ಮೂರು ಸಲ ಸಾಕು. ತಿದ್ದುಪಡಿ ಎರಡು ಸುತ್ತು ಮಾತ್ರ. ‘ಪ್ರಾಯೋಜಿತ’ ಎಂಬ ಹಣೆಪಟ್ಟಿ ತಲೆಬರಹದ ಮೇಲೆಯೇ, ಕನ್ನಡದಲ್ಲೇ ಇರಬೇಕು. ಇದರಲ್ಲಿ ಚೌಕಾಸಿ ಬೇಡ. ಲೇಖನದ ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ ಓದುಗರಿಗೆ ಮೋಸ ಹೋದ ಭಾವನೆ ಬರುತ್ತದೆ, ಅದು ಸಿಟ್ಟಾಗಿ ತಿರುಗುವುದು ಬ್ರ್ಯಾಂಡ್ ಮೇಲೆಯೇ.

ನಂತರ ದಾಖಲೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಪ್ರಯೋಗಾಲಯದ ವರದಿ, ಬೀಜ ಎಲ್ಲಿಂದ ಬರುತ್ತದೆ ಎಂಬ ವಿವರ ತರಿಸಿಕೊಳ್ಳಿ. ಕಂಪನಿ ಕಳಿಸುವ ಟಿಪ್ಪಣಿಯಲ್ಲಿ ‘ಹೃದ್ರೋಗ ವಾಸಿ’ ಎಂದಿದ್ದರೆ ತಕ್ಷಣ ಹೊಡೆದುಹಾಕಿ. ‘ಕೊಲೆಸ್ಟ್ರಾಲ್ ಇಲ್ಲ’ ಎನ್ನುವುದು ಇನ್ನೂ ನಯವಾದ ಬಲೆ. ಮಾತು ನಿಜ, ಆದರೆ ಸಸ್ಯಜನ್ಯ ಎಣ್ಣೆ ಯಾವುದರಲ್ಲೂ ಹೇಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಇದೊಂದರ ಹೆಚ್ಚುಗಾರಿಕೆಯೆಂಬಂತೆ ಬರೆದರೆ ದಾರಿ ತಪ್ಪಿಸಿದಂತೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ಅಥವಾ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರಷ್ಟೇ ಅಲ್ಲ, ಪ್ರಕಟಿಸಿದವರೂ 10 ಲಕ್ಷ ರೂಪಾಯಿವರೆಗೆ ದಂಡ ತೆರಬೇಕಾಗಬಹುದು.

ಈಗ ಬರವಣಿಗೆ. ತಲೆಬರಹ ಓದುಗರ ಪ್ರಶ್ನೆಯಿಂದ ಹುಟ್ಟಲಿ: ‘ಗಾಣದ ಎಣ್ಣೆ ದುಬಾರಿ ಏಕೆ?’ ಮೊದಲ ಎರಡು ಪ್ಯಾರಾಗಳಲ್ಲಿ ಬ್ರ್ಯಾಂಡ್ ಹೆಸರೇ ಬೇಡ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕಿಲೋ ಕಡಲೆಬೀಜ ಬೇಕು, ಗಾಣದಲ್ಲಿ ಅರೆದಾಗ ಹಿಂಡಿಯಲ್ಲೇ ಒಂದಿಷ್ಟು ಎಣ್ಣೆ ಉಳಿದುಬಿಡುತ್ತದೆ ಎಂದು ಬಿಡಿಸಿ ಹೇಳಿ. ಬೀಜದ ಅಂದಿನ ಬೆಲೆಯಿಂದ ಗುಣಿಸಿ ತೋರಿಸಿದರಂತೂ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿಲ್ಲ. ಬಾಟಲಿಯ ತಳದಲ್ಲಿ ಕೂರುವ ಗಸಿಯ ಬಗ್ಗೆಯೂ ಬರೆಯಿರಿ, ಏಕೆಂದರೆ ಅದನ್ನು ಕಂಡೇ ಎಷ್ಟೋ ಜನ ಕಲಬೆರಕೆ ಎಂದು ಅನುಮಾನಿಸುತ್ತಾರೆ.

ಒಂದು ಮಿತಿಯನ್ನೂ ಹೇಳಲೇಬೇಕು. ಸಂಸ್ಕರಿಸದ ಎಣ್ಣೆ ಸಂಸ್ಕರಿಸಿದ್ದಕ್ಕಿಂತ ಕಡಿಮೆ ಕಾವಿಗೇ ಹೊಗೆಯಾಡುತ್ತದೆ. ಒಗ್ಗರಣೆ, ಪಲ್ಯ, ಚಟ್ನಿಪುಡಿಗೆ ಸೊಗಸು, ದೊಡ್ಡ ಬಾಣಲೆಯಲ್ಲಿ ಗಂಟೆಗಟ್ಟಲೆ ಕರಿಯುವುದಕ್ಕೆ ಅಲ್ಲ. ಕಂಪನಿ ಮೊದಲು ತೆಗೆಸಲು ನೋಡುವುದು ಈ ಸಾಲನ್ನೇ. ಬಿಟ್ಟುಕೊಡಬೇಡಿ. ಮೊದಲೇ ತಿಳಿದು ಖರೀದಿಸಿದವರು ಆಮೇಲೆ ದೂರುವುದಿಲ್ಲ ಎಂದು ವಿವರಿಸಿದರೆ ಬಹಳಷ್ಟು ಕಂಪನಿಗಳು ಒಪ್ಪುತ್ತವೆ. ‘ನಂಬರ್ 1’, ‘ಅತ್ಯುತ್ತಮ’ ಎಂದು ಸೇರಿಸಿ ಕಳಿಸಿದರೆ ಯಾವ ಪಟ್ಟಿಯಲ್ಲಿ, ಯಾರು ಅಳೆದದ್ದು ಎಂದು ಕೇಳಿ. ಉತ್ತರ ಬಾರದಿದ್ದರೆ ಆ ಪದ ಹೊರಕ್ಕೆ.

ಆನ್‌ಲೈನ್ ಆವೃತ್ತಿಯಲ್ಲಿ ಕಂಪನಿಯ ಕೊಂಡಿ ಒಂದೇ ಇರಲಿ, ಅದರ ಕೋಡ್‌ನಲ್ಲಿ ‘ಸ್ಪಾನ್ಸರ್ಡ್’ (rel="sponsored") ಗುರುತು ಹಾಕಿಸಿ. ದುಡ್ಡು ಪಡೆದ ಕೊಂಡಿಗೆ ಗೂಗಲ್ ಕೇಳುವುದು ಇದನ್ನೇ. ಬೆಲೆ ಬರೆದಿದ್ದರೆ ಪಕ್ಕದಲ್ಲಿ ತಿಂಗಳು, ವರ್ಷ ಹಾಕಿ.