ಎಲ್‌ಕಾಮ್ ಕೊನೆಗೂ ಕೆಲಸಕ್ಕೆ ಬಂದ ಬಗೆ

ಪ್ರೋಗ್ರಾಮಿನಲ್ಲಿ ಕ್ಲಾಸ್ ಎಂದರೆ ದತ್ತಾಂಶ ಹಿಡಿದಿಡುವ ಫೀಲ್ಡ್‌ಗಳು ಮತ್ತು ಅವುಗಳ ಮೇಲೆ ಕೆಲಸ ಮಾಡುವ ಮೆಥಡ್‌ಗಳ ಕಟ್ಟು; ಆ ಮೆಥಡ್‌ಗಳ ನಡುವೆ ನಂಟು ಎಷ್ಟು ಕಡಿಮೆ ಎಂದು ಹೇಳುವ ಅಳತೆಯೇ ಎಲ್‌ಕಾಮ್ (LCOM). ಹೀಗೆ ಕ್ಲಾಸಿನ ಒಗ್ಗಟ್ಟನ್ನು ಅಳೆಯುವುದು ಪರೀಕ್ಷೆಗೆ ಓದುವ ವಿಷಯ ಎಂದು ನಮ್ಮ ತಂಡದಲ್ಲಿ ಎಲ್ಲರೂ ಕೈತೊಳೆದುಕೊಂಡಿದ್ದರು. ಹಾಗೆನ್ನಲು ಕಾರಣವೂ ಇತ್ತು. ಸಂಶೋಧಕರಾದ ಚಿದಂಬರ್ ಮತ್ತು ಕೆಮರರ್ 1994ರಲ್ಲಿ ಕೊಟ್ಟ ಸೂತ್ರವನ್ನೇ ನೋಡಿ. ಆರು ಮೆಥಡ್‌ಗಳಲ್ಲಿ ಐದು ಒಂದೇ ಫೀಲ್ಡನ್ನು ಮುಟ್ಟುತ್ತವೆ, ಆರನೆಯದು ತನ್ನ ಪಾಡಿಗೆ ಬೇರೊಂದನ್ನು ಹಿಡಿದು ಕೂತಿದೆ ಎನ್ನಿ. ನಂಟಿಲ್ಲದ ಜೋಡಿ 5, ನಂಟಿರುವ ಜೋಡಿ 10. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಋಣ; ಋಣ ಬಂದರೆ ಸೊನ್ನೆ ಎನ್ನುತ್ತದೆ ಸೂತ್ರ, ಹಾಗಾಗಿ ಉತ್ತರ ಸೊನ್ನೆ. ಆ ಲೆಕ್ಕದಲ್ಲಿ ಸೊನ್ನೆ ಎಂದರೆ ದೋಷವೇ ಇಲ್ಲ!

ಇದನ್ನು ಅಳೆಯಲೆಂದು ಕಂಪನಿ ದುಡ್ಡು ಕೊಟ್ಟು ತಂದ ಸಾಧನವೂ ಉದ್ಧಾರ ಮಾಡಲಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಲೈಸೆನ್ಸ್. ಒಂದೊಂದು ಫೀಲ್ಡನ್ನು ಓದುವ, ಬರೆಯುವ ಗೆಟರ್, ಸೆಟರ್‌ಗಳಷ್ಟೇ ಇರುವ ಬಡಪಾಯಿ ಕ್ಲಾಸುಗಳಿಗೆಲ್ಲ ಕೆಂಪು ಬಳಿದು ಕೂತಿತು. ಮರುವರ್ಷ ನವೀಕರಿಸಲಿಲ್ಲ.

ನಾನು ಹಿಡಿದದ್ದು ಹಿಟ್ಜ್ ಮತ್ತು ಮೊಂಟಜೇರಿ ಎಂಬ ಸಂಶೋಧಕರ ದಾರಿ: ಫೀಲ್ಡ್ ಹಂಚಿಕೊಂಡ ಅಥವಾ ಒಂದನ್ನೊಂದು ಕರೆಯುವ ಮೆಥಡ್‌ಗಳ ನಡುವೆ ಗೆರೆಯೆಳೆದು, ಎಷ್ಟು ತುಂಡು ಉಳಿಯುತ್ತವೆ ಎಂದು ಎಣಿಸುವುದು. ಎಎಸ್‌ಎಂ ಎಂಬ ಜಾವಾ ಲೈಬ್ರರಿ ಬಳಸಿ, ಕಂಪೈಲ್ ಆಗಿ ಸಿಗುವ ಬೈಟ್‌ಕೋಡ್ ಓದುವ ನಾಲ್ಕೈದು ನೂರು ಸಾಲು, ಖರ್ಚು ಏನೂ ಇಲ್ಲ. ಮೊದಲ ಓಟದಲ್ಲಿ ಹೆಚ್ಚುಕಡಿಮೆ ಎಲ್ಲ ಕ್ಲಾಸಿಗೂ ಉತ್ತರ 1. ಅಂಟು ಹಾಕುತ್ತಿದ್ದದ್ದು ಫೀಲ್ಡ್‌ಗಳನ್ನೆಲ್ಲ ತುಂಬುವ ಕನ್‌ಸ್ಟ್ರಕ್ಟರ್, ಅವನ್ನು ಬರಹವಾಗಿ ತೋರಿಸುವ ಟೂಸ್ಟ್ರಿಂಗ್ ಮತ್ತು ಎಲ್ಲ ಮೆಥಡ್‌ಗಳೂ ಮುಟ್ಟುವ, ದಾಖಲೆ ಬರೆಯುವ ಲಾಗರ್. ಮೂರನ್ನೂ ಲೆಕ್ಕದಿಂದ ಕಿತ್ತುಹಾಕಿದ್ದೇ ತಡ, ಸುಮಾರು ಮೂರು ಸಾವಿರ ಸಾಲಿನ ಇನ್‌ವಾಯ್ಸ್ ಕ್ಲಾಸು ನಾಲ್ಕಾಗಿ ಬಿಚ್ಚಿಕೊಂಡಿತು: ಜಿಎಸ್‌ಟಿ ಲೆಕ್ಕ, ಪಿಡಿಎಫ್, ಇಮೇಲ್, ಮತ್ತು 2017ರ ಜುಲೈಗೆ ಮುಂಚಿನ ಬಿಲ್ಲುಗಳಿಗೆಂದು ಉಳಿದಿದ್ದ ವ್ಯಾಟ್‌ನ ಎರಡು ಮೆಥಡ್. ಕ್ಲಾಸನ್ನು ಹಾಗೆಯೇ ಒಡೆದೆವು. ಈಗ ತೆರಿಗೆ ದರ ಬದಲಾದರೆ ಇಮೇಲ್ ಭಾಗವನ್ನು ಯಾರೂ ಮತ್ತೆ ಪರೀಕ್ಷಿಸುವುದಿಲ್ಲ; ಹೊರಗಿನ ಟೆಸ್ಟರ್‌ಗಳಿಗೆ ಕೊಡುತ್ತಿದ್ದ ಹಣದಲ್ಲಿ ಮೂರರಲ್ಲೊಂದು ಪಾಲಾದರೂ ಉಳಿಯುತ್ತಿದೆ. ಆ ಲೈಸೆನ್ಸಿಗೆ ಸುರಿದ ದುಡ್ಡು ಹೀಗೆ ಹಿಂದಿರುಗಿತು ಎಂದು ನಾನು ಕೊಚ್ಚಿಕೊಂಡರೆ ತಪ್ಪಿಲ್ಲ.

ದತ್ತಾಂಶ ತಂದುಕೊಡುವ ರೆಪಾಸಿಟರಿಯಂಥ, ಹೊರಗಿನಿಂದ ತುಂಬಿದ (ಇಂಜೆಕ್ಟ್ ಆದ) ಫೀಲ್ಡ್‌ಗಳಲ್ಲಿ ಯಾವುದನ್ನು ಅಂಟೆಂದು ಬಿಡಬೇಕು, ಯಾವುದನ್ನು ನಂಟೆಂದು ಎಣಿಸಬೇಕು ಎಂಬುದೇ ನಿಜವಾದ ಕಸುಬು. ಅದಕ್ಕೊಂದು ಮಿತಿ ಗೊತ್ತುಮಾಡಿಕೊಂಡಿದ್ದೇನೆ, ಇಲ್ಲಿ ಬಿಚ್ಚಿಡುವುದಿಲ್ಲ.

ನಡುವೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸಕ್ಕೂ ಕೈಹಾಕಿ, ಒಂದೇ ಕಮಿಟ್‌ನಲ್ಲಿ (ಒಮ್ಮೆಗೆ ದಾಖಲಾದ ಬದಲಾವಣೆಯಲ್ಲಿ) ಬದಲಾದ ಮೆಥಡ್‌ಗಳನ್ನು ಜೋಡಿಸಿ ನೋಡಿದೆ. ಬರೀ ಇಂಡೆಂಟ್ (ಸಾಲಿನ ಮುಂದಿನ ಖಾಲಿ ಜಾಗ) ಸರಿಪಡಿಸಿದ ಕಮಿಟ್‌ಗಳು ಎಲ್ಲವನ್ನೂ ಮತ್ತೆ ಒಂದೇ ಗಂಟು ಮಾಡಿಬಿಟ್ಟವು. ಇಪ್ಪತ್ತಕ್ಕಿಂತ ಹೆಚ್ಚು ಮೆಥಡ್ ಮುಟ್ಟಿದ ಕಮಿಟ್‌ಗಳನ್ನು ಬಿಟ್ಟರೆ ತಕ್ಕಮಟ್ಟಿಗೆ ನಡೆಯುತ್ತದೆ.

ಜಾವಾ 8ರಿಂದೀಚಿನ ಕೋಡಿದ್ದರೆ ಇನ್ನೊಂದು ತೊಡಕಿದೆ. ಲ್ಯಾಂಬ್ಡಾದ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್‌ನ, ಒಡಲನ್ನು ಕಂಪೈಲರ್ ಬೇರೆಯೇ ಮೆಥಡ್ ಆಗಿ ಬರೆದು, ಇನ್‌ವೋಕ್‌ಡೈನಾಮಿಕ್ ಎಂಬ ಬೈಟ್‌ಕೋಡ್ ಆದೇಶದ ಮೂಲಕ ಕೊಂಡಿ ಹಾಕುತ್ತದೆ. ಆ ಗೆರೆಯನ್ನೂ ಎಳೆಯದಿದ್ದರೆ ಗಟ್ಟಿಮುಟ್ಟಾದ ಕ್ಲಾಸೂ ಐದಾರು ಚೂರಾಗಿ ಕಾಣಿಸುತ್ತದೆ.